ಕೇಳುವ ಮೊದಲೇ ಲೆಕ್ಕ: ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಅನುಭವ

ಕೆಲಸ ಬಿಟ್ಟು ಹೋಗುವ ಕಾರ್ಮಿಕನಿಗೆ ಬರಬೇಕಾದ ಹಣವನ್ನೆಲ್ಲ ಲೆಕ್ಕ ಹಾಕಿ, ಆತ ಕೇಳುವ ಮೊದಲೇ, ಕೊನೆಯ ದಿನವೇ ಬರಹದಲ್ಲಿ ಕೊಡುವ ಪದ್ಧತಿಯನ್ನು ನಮ್ಮ ಕಾರ್ಖಾನೆಯಲ್ಲಿ ಆರಂಭಿಸಿದಾಗ ನಮ್ಮ ಸಾಲಿನ ಮಾಲೀಕರಲ್ಲಿ ಒಬ್ಬರೂ ಅದನ್ನು ಒಪ್ಪಲಿಲ್ಲ. "ನಿಮ್ಮ ವಿರುದ್ಧದ ಸಾಕ್ಷ್ಯವನ್ನು ನೀವೇ ಸಹಿ ಹಾಕಿ ಕೊಡುತ್ತಿದ್ದೀರಿ" ಎಂದು ನಮ್ಮ ಲೇಬರ್ ಕನ್ಸಲ್ಟೆಂಟ್ ಎಚ್ಚರಿಸಿದರು. ಈಗ ಆರೇಳು ವರ್ಷಗಳಾದವು. ನಮ್ಮ ಮೇಲೆ ಹೊಸದಾಗಿ ಒಂದೂ ಕಾರ್ಮಿಕ ಮೊಕದ್ದಮೆ ದಾಖಲಾಗಿಲ್ಲ. ಅಂದು ಬೇಡವೆಂದವರಲ್ಲಿ ಇಬ್ಬರು ಮೂವರು ನಮ್ಮ ನಮೂನೆಯನ್ನೇ ಕೇಳಿ ಪಡೆದಿದ್ದಾರೆ ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಮ್ಮದು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳಲ್ಲಿ ಬಿಡಿಭಾಗ ತಯಾರಿಸುವ ಘಟಕ. ಐವತ್ತರವತ್ತು ಜನರಿದ್ದಾರೆ, ಅವರಲ್ಲಿ ಮೂರನೆಯ ಒಂದು ಪಾಲು ಗುತ್ತಿಗೆಯವರು. ಕೆಲಸ ಬಿಡುವವರಿಂದ ಛಾಪಾಕಾಗದದ ಮೇಲೆ "ನನಗೆ ಯಾವ ಬಾಕಿಯೂ ಇಲ್ಲ" ಎಂದು ಬರೆಸಿಕೊಂಡು ಒಂದಿಷ್ಟು ಹಣ ಕೊಟ್ಟು ಕಳುಹಿಸುವುದು ಇಲ್ಲಿ ಬಹುಕಾಲದಿಂದ ನಡೆದುಬಂದ ರೂಢಿಯಾಗಿತ್ತು. ಆ ಕಾಗದ ಎಷ್ಟು ನಿಷ್ಪ್ರಯೋಜಕವೆಂಬುದು ಹದಿನಾಲ್ಕು ವರ್ಷ ದುಡಿದ ಒಬ್ಬ ಲೇತ್ ಆಪರೇಟರ್ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಅರ್ಜಿ ಹಾಕಿದಾಗ ತಿಳಿಯಿತು. ಗ್ರಾಚ್ಯುಟಿಯೆಂದರೆ ದೀರ್ಘಕಾಲ ದುಡಿದು ಬಿಡುವವರಿಗೆ ಮಾಲೀಕ ಕೊಡಬೇಕಾದ ಇಡಿಗಂಟು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ 14ನೆಯ ಕಲಮಿನ ಪ್ರಕಾರ, ಕಾಯ್ದೆಗೆ ವಿರುದ್ಧವಾದ ಯಾವ ಒಪ್ಪಂದವೂ ನಿಲ್ಲುತ್ತಿರಲಿಲ್ಲ. ಆತನ ಕೊನೆಯ ಸಂಬಳ ಹದಿನೆಂಟು ಸಾವಿರದ ಆಸುಪಾಸಿನಲ್ಲಿದ್ದುದರಿಂದ ಕೊಡಬೇಕಾದದ್ದು ಸುಮಾರು 1 ಲಕ್ಷ 45 ಸಾವಿರ. ಅದರ ಮೇಲೆ ಶೇಕಡಾ 10ರ ಸರಳ ಬಡ್ಡಿ. ವಕೀಲರ ಶುಲ್ಕ, ಸೂಪರ್‌ವೈಸರ್ ವಿಚಾರಣೆಗೆ ಹೋಗಿ ಕಳೆದ ದಿನಗಳು ಎಲ್ಲವನ್ನೂ ಕೂಡಿದರೆ ಅಸಲಿನ ಮುಕ್ಕಾಲು ಪಾಲಿನಷ್ಟು ಹಣ ಬೇರೆಯಾಗಿ ಹೋಯಿತು. ವಿಚಾರಣೆಯ ಹೊತ್ತಿನಲ್ಲಿ ಆತ ನಮ್ಮನ್ನು ಕೇಳಿದ್ದು, ಎರಡು ತಿಂಗಳು ಆಫೀಸಿಗೆ ಅಲೆದರೂ ತನ್ನ ಲೆಕ್ಕವೆಷ್ಟೆಂದು ಯಾರೂ ಏಕೆ ಹೇಳಲಿಲ್ಲವೆಂದು. ನಮ್ಮ ಪದ್ಧತಿ ಹುಟ್ಟಿದ್ದು ಆ ಪ್ರಶ್ನೆಯಿಂದ.

ಈಗ ರಾಜೀನಾಮೆ ಬಂದ ಕೂಡಲೇ ಒಂದೇ ಹಾಳೆಯಲ್ಲಿ ಲೆಕ್ಕ ಸಿದ್ಧವಾಗುತ್ತದೆ. ಬಾಕಿ ಸಂಬಳ, ಉಳಿದ ರಜೆಯ ಹಣ, ಬೋನಸ್ಸಿನ ಪಾಲು, ಓ.ಟಿ. (ಹೆಚ್ಚುವರಿ ಗಂಟೆಗಳ ಕೂಲಿ), ಗ್ರಾಚ್ಯುಟಿ, ಇವುಗಳ ಮೊತ್ತವನ್ನಷ್ಟೇ ಅಲ್ಲದೆ ಅದು ಹೇಗೆ ಬಂತೆಂಬ ಗುಣಾಕಾರ ಭಾಗಾಕಾರವನ್ನೂ ಕನ್ನಡದಲ್ಲಿ, ಬಿಹಾರ ಒಡಿಶಾದ ಹುಡುಗರಿಗೆ ಹಿಂದಿಯಲ್ಲಿ ಬರೆದು ಕೊಡುತ್ತೇವೆ. ಐದು ವರ್ಷ ತುಂಬದೆ ಗ್ರಾಚ್ಯುಟಿ ಬಾರದಿದ್ದರೆ ಏಕೆ ಬಾರದೆಂದೂ ಬರೆಯುತ್ತೇವೆ. ಹಾಳೆ ಕೈಗಿಡುವುದಕ್ಕೆ ಮೂರು ದಿನ ಮೊದಲು ನಾವು ಮಾಡುವ ಇನ್ನೊಂದು ಕೆಲಸವಿದೆ. ಜಗಳದ ಬಹುಪಾಲು ಕರಗುವುದು ಅಲ್ಲಿಯೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹಣದ ಭಾರ ಹೆಚ್ಚಾಗಿ ಬಿದ್ದದ್ದು ಓ.ಟಿ.ಯಲ್ಲಿ. ಕಾರ್ಖಾನೆ ಕಾಯ್ದೆಯಂತೆ ಎರಡು ಪಟ್ಟು ದರವನ್ನು ಕೊಡಲಾರಂಭಿಸಿದ ಮೊದಲ ಆರು ತಿಂಗಳು ತಿಂಗಳಿಗೆ ಮೂವತ್ತೈದು ನಲವತ್ತು ಸಾವಿರ ಹೆಚ್ಚುವರಿ ಹೋಯಿತು, ಮನೆಯಲ್ಲೂ ಬ್ಯಾಂಕಿನಲ್ಲೂ ಉತ್ತರ ಕೊಡಬೇಕಾಯಿತು. ಆದರೆ ದರ ಏರಿದ ಮೇಲೆಯೇ ಓ.ಟಿ. ಏಕೆ ಬೀಳುತ್ತಿದೆ ಎಂದು ಯಾರಾದರೂ ನೋಡತೊಡಗಿದರು. ಅರ್ಧದಷ್ಟು ಗಂಟೆಗಳು ಸಂಜೆಯ ಸೆಟ್ಟಿಂಗ್, ಅಂದರೆ ಯಂತ್ರವನ್ನು ಮುಂದಿನ ಕೆಲಸಕ್ಕೆ ಹೊಂದಿಸುವುದು, ತಡವಾಗುವುದರಿಂದಲೇ ಬರುತ್ತಿದ್ದವು. ಸೆಟ್ಟಿಂಗನ್ನು ಮಧ್ಯಾಹ್ನದ ಪಾಳಿಗೆ ತಂದ ಬಳಿಕ ಓ.ಟಿ. ಬಿಲ್ಲು ಹಳೆಯ ಮಟ್ಟಕ್ಕೆ ಹತ್ತಿರ ಇಳಿಯಿತು. ಗ್ರಾಚ್ಯುಟಿಗೆ ಮೂಲ ವೇತನದ ಶೇಕಡಾ 4.81ರಷ್ಟನ್ನು ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕುತ್ತೇವೆ, ವ್ಯಾಪಾರ ಎಷ್ಟೇ ಬಿಗಿಯಾಗಿದ್ದರೂ ಅದನ್ನು ಮುಟ್ಟುವುದಿಲ್ಲ.

ಗುತ್ತಿಗೆಯವರ ವಿಷಯದಲ್ಲಿ ಈ ಹಾಳೆಯೊಂದೇ ಸಾಲದು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಹೊಣೆ ಕೆಲಸ ಮಾಡಿಸಿಕೊಳ್ಳುವ ಮೂಲ ಮಾಲೀಕನದೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. 2020ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ಸಿಟ್ಟು ದಾಂಧಲೆಗೆ ತಿರುಗಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಹಣ ತಲುಪಿಲ್ಲವೆಂದು ಬಳಿಕ ಆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಆ್ಯಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಅಷ್ಟು ದೊಡ್ಡ ಸಂಸ್ಥೆಗೂ ಹೀಗಾಗಬಹುದಾದರೆ ನಮ್ಮಂಥವರ ಗತಿಯೇನೆಂದು ಆ ವಾರವೇ ಗುತ್ತಿಗೆದಾರರ ಕಡತಗಳನ್ನು ತೆಗೆದು ಕುಳಿತೆ. ನಮ್ಮ ಬಿಲ್ಲಿಗೆ ಲಗತ್ತಿಸಿದ್ದ ಪಿ.ಎಫ್. ಚಲನ್ ಬೇರೊಂದು ಕಾರ್ಖಾನೆಯ ಹುಡುಗರದ್ದಾಗಿತ್ತು! ಮೊತ್ತ ಸರಿಯಿತ್ತು, ಹೆಸರುಗಳು ನಮ್ಮವರದ್ದಲ್ಲ. ಅಂದಿನಿಂದ ಪಿ.ಎಫ್. ಕಟ್ಟಿದವರ ತಿಂಗಳ ವಿವರವಾದ ಇ.ಸಿ.ಆರ್. ಪಟ್ಟಿಯ ಪ್ರತಿ ಹೆಸರನ್ನೂ ನಮ್ಮ ಗೇಟಿನ ಹಾಜರಿಯೊಂದಿಗೆ ಹೋಲಿಸಿ, ಹತ್ತಾರು ಹುಡುಗರ ಮೊಬೈಲಿನಲ್ಲಿ ಪಾಸ್‌ಬುಕ್ ತೆರೆಸಿ ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕುತ್ತೇವೆ. ಒಬ್ಬ ಗುತ್ತಿಗೆದಾರ ಬಿಟ್ಟೇ ಹೋದ. ಬಂದ ಹೊಸಬನ ದರ ತಲೆಗೆ ಒಂದು ಸಾವಿರದಷ್ಟು ಹೆಚ್ಚು. ಆ ಹೆಚ್ಚಳ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಳೆಯ ದರದಲ್ಲಿ ಪಿ.ಎಫ್. ಕಟ್ಟಿ ಯಾರೂ ಬದುಕಲಾರರು.

ಕೇಳುವ ಮೊದಲೇ ಕೊಡುವ ಇದೇ ನಿಯಮವನ್ನು ನಮ್ಮ ಬಿಡಿಭಾಗಗಳಿಗೆ ಪ್ಲೇಟಿಂಗ್ (ಲೋಹದ ಲೇಪನ) ಮಾಡಿಕೊಡುವ ಸಣ್ಣ ಘಟಕಗಳ ಮೇಲೂ ಪ್ರಯೋಗಿಸಿದೆವು. ಸಣ್ಣ ಉದ್ಯಮಗಳ ಎಂ.ಎಸ್.ಎಂ.ಇ. ಕಾಯ್ದೆಯಂತೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾವು ಮೂವತ್ತು ದಿನಕ್ಕೇ ಕೊಟ್ಟೆವು. ದರದಲ್ಲಿ ಶೇಕಡಾ ಎರಡು ಮೂರು ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಒಂದು ಲಾಟಿನ ಲೇಪನ ತೆಳುವಾಗಿದೆಯೆಂದು ಪ್ಲೇಟಿಂಗಿನವರೇ ರವಾನೆಗೆ ಮುನ್ನ ಫೋನ್ ಮಾಡಿ ತಿಳಿಸಿದರು. ಆ ಲಾಟು ಗ್ರಾಹಕರಿಗೆ ಹೋಗಿದ್ದರೆ ನಮ್ಮ ಬಿಲ್ಲಿನಿಂದ ಕಳೆಯುವ ನಾಲ್ಕೈದು ಲಕ್ಷದ ಡೆಬಿಟ್ ನೋಟು, ಬಳಿಕ ವ್ಯಾಜ್ಯ ಖಚಿತವಿತ್ತು. ಗೇಟಿನ ಬಳಿ ಇಟ್ಟ ದೂರು ಪೆಟ್ಟಿಗೆ ಮಾತ್ರ ಯಾವ ಫಲವನ್ನೂ ಕೊಡಲಿಲ್ಲ; ಕ್ಯಾಮೆರಾದ ಕೆಳಗೆ ಯಾರೂ ಚೀಟಿ ಹಾಕುವುದಿಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ತಾನಾಗಿ ಕೆಲಸ ಬಿಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ವೇತನ ಚುಕ್ತಾ ಮಾಡಬೇಕೆಂದು ಅವು ಹೇಳುತ್ತವೆ. ನಮಗೆ ಅದು ಹೊಸದಲ್ಲ. ಹೊಸದಾಗಿರುವುದು ವೇತನದ ವ್ಯಾಖ್ಯೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಬೇಕಾಗುವುದರಿಂದ, ಮತ್ತು ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಸಲ್ಲುವುದರಿಂದ, ನಮ್ಮ ಮೀಸಲು ಖಾತೆಗೆ ತಿಂಗಳಿಗೆ ಇನ್ನೂ ಹತ್ತು ಹನ್ನೆರಡು ಸಾವಿರ ಬೇಕಾದೀತೆಂದು ನನ್ನ ಅಂದಾಜು. ಅದಕ್ಕಾಗಿ ಹಾಳೆಯ ನಮೂನೆಯನ್ನು ತಿದ್ದುತ್ತಿದ್ದೇವೆ. ಭತ್ಯೆಗಳ ಅಂಕಣವನ್ನು ಮೊದಲು ಸರಿಪಡಿಸಿ, ಬಳಿಕ ಪ್ರತಿಯೊಬ್ಬರಿಗೂ ಹಳೆಯ ಮತ್ತು ಹೊಸ ಲೆಕ್ಕವನ್ನು ಅಕ್ಕಪಕ್ಕದಲ್ಲಿ ಬರೆದು ಕೊಡಲಿದ್ದೇವೆ.