ಹಳೇ ರೈಲು ದಾರಿಯಲ್ಲಿ ಮಗಳ ಜೊತೆ 80 ಕಿಲೋಮೀಟರ್

ನಾವು ಫ್ರಾನ್ಸಿನ ತುಲೂಸ್‌ಗೆ ಬಂದು ಆರು ವರ್ಷವಾಯಿತು. ಮಗಳಿಗೆ ಈಗ ಹನ್ನೊಂದು. ಅವಳ ಜೊತೆ ದೂರ ಸೈಕಲ್ ತುಳಿಯಬೇಕು ಅನ್ನುವ ಆಸೆ ನನಗೆ ಮೊದಲಿನಿಂದಲೂ ಇತ್ತು. ಆದರೆ ಕಾರು ಓಡಾಡುವ ರಸ್ತೆಗೆ ಅವಳನ್ನು ಕರೆದುಕೊಂಡು ಹೋಗಲು ಮನಸ್ಸು ಒಪ್ಪುತ್ತಿರಲಿಲ್ಲ. ಇಲ್ಲಿನ ಹಳ್ಳಿ ರಸ್ತೆಗಳು ಖಾಲಿ ಕಾಣುತ್ತವೆ, ನಿಜ. ಹತ್ತು ನಿಮಿಷಕ್ಕೆ ಒಂದೇ ಕಾರು ಬರಬಹುದು. ಆದರೆ ಅದು 80ರ ವೇಗದಲ್ಲಿ ತಿರುವು ದಾಟಿ ಬರುತ್ತದೆ. ಮಗು ಮುಂದೆ ಹೋಗುತ್ತಿದ್ದರೆ ನಮ್ಮ ಕಿವಿಯೆಲ್ಲಾ ಹಿಂದೆಯೇ ಇರುತ್ತದೆ, ಅಲ್ವಾ?

ಹಾಗಾಗಿ ಮೊದಲು ಆರಿಸಿಕೊಂಡಿದ್ದು ಕನಾಲ್ ದ್ಯು ಮಿದಿ. 1666ರಿಂದ 1681ರವರೆಗೆ ತೋಡಿದ ಕಾಲುವೆ ಅದು. ತುಲೂಸ್‌ನಿಂದ ಸಮುದ್ರದ ಕಡೆಗೆ 240 ಕಿಲೋಮೀಟರ್. ದಂಡೆಯ ಮೇಲೆ ಹಿಂದೆ ದೋಣಿ ಎಳೆಯುತ್ತಿದ್ದ ಕುದುರೆಗಳ ಕಾಲುದಾರಿ ಇದೆ. ತುಲೂಸ್‌ನಿಂದ ಸುಮಾರು 50 ಕಿಲೋಮೀಟರ್ ಡಾಂಬರು, ಸುಖವಾಗಿ ಹೋಯಿತು. ಆಮೇಲೆ ಮಣ್ಣು ದಾರಿ. ದಂಡೆಯಲ್ಲಿ ನೆರಳಿಗೆ ನೆಟ್ಟ 'ಪ್ಲೇನ್' ಅನ್ನುವ ಜಾತಿಯ ಮರಗಳ ಬೇರುಗಳು ನೆಲದಿಂದ ಮೇಲೆದ್ದು ಅಡ್ಡಡ್ಡ ಮಲಗಿವೆ. ನನ್ನದು 28 ಮಿಲಿಮೀಟರ್ ಟೈರು, ಅದರಲ್ಲೂ ಗಟ್ಟಿಯಾಗಿ ಗಾಳಿ ತುಂಬಿಸಿದ್ದೆ. ಪ್ರತಿ ಬೇರಿಗೂ ಅಂಗೈ ಝುಮ್ಮೆನ್ನುತ್ತಿತ್ತು. ಎರಡು ಸಲ ಟ್ಯೂಬ್ ಹೋಯಿತು. ಮಗಳು ಸಂಜೆ ಕೈ ಚಾಚಿ, "ಅಮ್ಮಾ, ಬೆರಳು ಮಡಚೋಕೇ ಆಗ್ತಿಲ್ಲ" ಅಂದಾಗ ಅಲ್ಲಿಗೇ ನಿಲ್ಲಿಸಿ ರೈಲು ಹತ್ತಿದೆವು. ನೆರಳೂ ನಾನು ಅಂದುಕೊಂಡಷ್ಟು ಇರಲಿಲ್ಲ. 2006ರಿಂದ ಈ ಮರಗಳಿಗೆ ಒಂದು ಶಿಲೀಂಧ್ರ ರೋಗ ಬಂದು, ಸಾವಿರಾರು ಮರ ಕಡಿದು ಹೊಸ ಸಸಿ ನೆಟ್ಟಿದ್ದಾರೆ. ಕಡಿದ ಜಾಗದಲ್ಲಿ ನಿಂತರೆ ಹೊಟ್ಟೆ ಉರಿಯುತ್ತದೆ.

ಆ ಅನುಭವದ ಮೇಲೆ ನಾನು ಎರಡು ವಿಷಯ ಖಚಿತ ಮಾಡಿಕೊಂಡೆ. ಒಂದು, ಟೈರು ದಪ್ಪ ಇರಬೇಕು. ಇನ್ನೊಂದು, ಮಗುವಿನ ಜೊತೆ ಹೋಗುವಾಗ ಹಳೇ ರೈಲು ದಾರಿಯಷ್ಟು ಒಳ್ಳೆಯದು ಬೇರೆ ಇಲ್ಲ. ಉಗಿಬಂಡಿ ಕಡಿದಾದ ಏರು ಹತ್ತುತ್ತಿರಲಿಲ್ಲ, ಅದಕ್ಕೇ ಆ ದಾರಿಯ ಏರು ಕಾಲಿಗೆ ಗೊತ್ತೇ ಆಗುವುದಿಲ್ಲ. ಹಳಿ ಕಿತ್ತು, ಸಣ್ಣ ಜಲ್ಲಿ ಹಾಕಿ ಗಟ್ಟಿಮಾಡಿ, ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆ ಸವಾರರಿಗೆ ಬಿಟ್ಟುಕೊಡುತ್ತಾರೆ. ಇಂಥ ದಾರಿಗೆ ಇಲ್ಲಿ 'ವ್ವಾ ವೆರ್ತ್' ಅನ್ನುತ್ತಾರೆ, ಅಂದರೆ ಹಸಿರು ದಾರಿ. ನೀಲಿ ಬೋರ್ಡಿನ ಮೇಲೆ ನಡೆಯುವವರ, ಸೈಕಲ್ಲಿನವರ ಚಿತ್ರ ಬಿಳಿಯಲ್ಲಿ ಇರುತ್ತದೆ.

ನಾವು ಹೋಗಿದ್ದು 'ಪಾಸಾ ಪಾಯೀಸ್' ಅನ್ನುವ ದಾರಿಯಲ್ಲಿ. ಮಾಜಾಮೆಯಿಂದ ಬೆದಾರ್ಯೂವರೆಗೆ, ಹೆಚ್ಚುಕಡಿಮೆ 80 ಕಿಲೋಮೀಟರ್. ಓ-ಲಾಂಗ್‌ದೋಕ್ ಬೆಟ್ಟಗಳ ಬುಡದಲ್ಲೇ ಸಾಗುತ್ತದೆ. ಹೋಗುವಾಗ ತುಲೂಸ್‌ನಿಂದ ಮಾಜಾಮೆಗೆ ಪ್ರಾದೇಶಿಕ ರೈಲು, ಬರುವಾಗ ಬೆದಾರ್ಯೂನಿಂದ ಬೆಝಿಯೆ ಮೂಲಕ ರೈಲು. ಹೋದ ದಾರಿಯಲ್ಲೇ ವಾಪಸ್ ತುಳಿಯಬೇಕಿಲ್ಲ. ಮೇ ಕೊನೆಯ ವಾರ, ಎರಡು ದಿನ, ರಾತ್ರಿ ಓಲಾರ್ಗ್‌ನಲ್ಲಿ ತಂಗುವುದು ಅಂತ ಲೆಕ್ಕ ಹಾಕಿದೆ.

ಈ ಸಲ ಇಬ್ಬರ ಸೈಕಲ್ಲಿಗೂ 40 ಮಿಲಿಮೀಟರ್ ಟೈರು. ಗಾಳಿಯ ಒತ್ತಡ ನನ್ನದಕ್ಕೆ 35 ಪಿಎಸ್‌ಐ (ಪಂಪಿನ ಮೇಲಿರುವ ಅಳತೆ), ಮಗಳು ಹಗುರ ಆದ್ದರಿಂದ ಅವಳದಕ್ಕೆ 25. ಹೆಬ್ಬೆರಳಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು, ಆದರೆ ಒಳಗಿನ ರಿಮ್ ಸಿಗಬಾರದು. ಮೊದಲ ಕಿಲೋಮೀಟರಿನಲ್ಲೇ ವ್ಯತ್ಯಾಸ ಗೊತ್ತಾಯಿತು. ಜಲ್ಲಿಯ ಸದ್ದು ಮಾತ್ರ ಕೇಳುತ್ತಿತ್ತು, ಕೈಗೆ ಏನೂ ಬಡಿಯುತ್ತಿರಲಿಲ್ಲ.

ಮಾಜಾಮೆ ಹಿಂದೆ ಕುರಿ ಚರ್ಮದಿಂದ ಉಣ್ಣೆ ಬಿಡಿಸುವ ಕಸುಬಿಗೆ ಹೆಸರಾದ ಊರು. ಅಲ್ಲಿಂದ ದಾರಿ ಒಂದು ಹೊಳೆಯ ಕಣಿವೆ ಹಿಡಿದು ಮೇಲೇರುತ್ತದೆ. ಆ ಹೊಳೆಯ ಹೆಸರು ತೊರೆ! ಬೋರ್ಡ್ ಓದಿ ಮಗಳು ಸೈಕಲ್ ನಿಲ್ಲಿಸಿಬಿಟ್ಟಳು. "ಅಮ್ಮಾ, ತೊರೆ ಅಂದ್ರೆ ತೊರೆನೇ ಅಲ್ವಾ?" ಇದಕ್ಕೂ ನಮ್ಮ ಮಾತಿಗೂ ಸಂಬಂಧವಿಲ್ಲ, ಸುಮ್ನೆ ಹಾಗೆ ಕೂಡಿಬಂದಿದೆ. ಆದರೂ ಅವತ್ತು ಮಧ್ಯಾಹ್ನದವರೆಗೆ ಆ ನೀರು ನಮ್ಮದೇ ಅನ್ನಿಸಿತ್ತು.

ಲಾಬಾಸ್ತಿದ್-ರುಎರು ಊರು ತಲುಪುವ ಹೊತ್ತಿಗೆ ಹನ್ನೆರಡೂವರೆ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ದಕ್ಷಿಣ ಫ್ರಾನ್ಸಿನ ಹಳ್ಳಿಗಳಲ್ಲಿ ಮಧ್ಯಾಹ್ನ ಎರಡು ಮೂರು ಗಂಟೆ ಏನೂ ಸಿಗುವುದಿಲ್ಲ. ಭಾನುವಾರ ಮಧ್ಯಾಹ್ನದ ಮೇಲೆ, ಸೋಮವಾರ ಇನ್ನೂ ಕಷ್ಟ. ಹಾಗಾಗಿ ನಾನು ಯಾವಾಗಲೂ ಬುತ್ತಿ ಕಟ್ಟಿಕೊಂಡೇ ಹೋಗುವುದು. ಚಪಾತಿಗೆ ತುಪ್ಪ ಸವರಿ, ಚಟ್ನಿಪುಡಿ ಉದುರಿಸಿ ಸುತ್ತಿಟ್ಟರೆ ಬೇಸಿಗೆಯಲ್ಲೂ ಕೆಡುವುದಿಲ್ಲ. ನೀರಿಗೆ ಒಂದು ಉಪಾಯ ಹೇಳುತ್ತೇನೆ: ಊರಿನ ಸ್ಮಶಾನದ ಗೇಟಿನ ಹತ್ತಿರ ನೋಡಿ. ಗೋರಿಯ ಮೇಲಿನ ಗಿಡಗಳಿಗೆ ಹಾಕಲು ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ. 'ನಾನ್ ಪೊತಾಬ್ಲ್' ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ. ಮಗಳಿಗೆ ಮೊದಲು ಹಿಂಜರಿಕೆ ಇತ್ತು. ಅಲ್ಲಿ ಹೂವಿಗೆ ನೀರು ಹಾಕುತ್ತಿದ್ದ ಅಜ್ಜಿಯೊಬ್ಬರು ತಾವೇ ಅವಳ ಬಾಟಲಿ ಇಸಿದುಕೊಂಡು ತುಂಬಿಸಿಕೊಟ್ಟರು.

ಊರು ದಾಟಿದ ಮೇಲೆ ಫೆನಿಯ್ ಸುರಂಗ. ಉದ್ದ 769 ಮೀಟರ್. ಬೆವರಿದ ಮೈಗೆ ಒಳಗಿನ ಗಾಳಿ ಮಂಜಿನ ಹಾಗೆ ತಗುಲುತ್ತದೆ. ಬಾಯಿಯಲ್ಲೇ ನಿಂತು ಜಾಕೆಟ್ ಹಾಕಿಕೊಂಡೆವು, ಹಿಂದೆ ಮುಂದೆ ಲೈಟ್ ಹಚ್ಚಿದೆವು. ಒಳಗೆ ಚಾವಣಿಯಿಂದ ಒಂದೊಂದೇ ಹನಿ ಹೆಲ್ಮೆಟ್ ಮೇಲೆ ಟಪ್ ಅಂತ ಬೀಳುತ್ತಿತ್ತು. ಮಗಳು "ಕೂ..." ಅಂದಳು, ಅದು ಮುಂದೆ ಹೋಗಿ, ಗೋಡೆಗೆ ತಾಗಿ, ಬೇರೆ ಯಾರದೋ ಗಂಟಲಿನಲ್ಲಿ ವಾಪಸ್ ಬಂತು.

ಈ ಸುರಂಗದ ತಲೆಯ ಮೇಲೆ ಇರುವುದು ನೀರು ಹಂಚಿಹೋಗುವ ಏಣು. ಹಿಂದೆ ಬಿಟ್ಟ ತೊರೆಯ ನೀರು ಅಗೂ, ತಾರ್ನ್, ಗಾರೊನ್ ನದಿಗಳನ್ನು ಸೇರಿ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ. ಆಚೆ ಬದಿಯ ನೀರು ಮೆಡಿಟರೇನಿಯನ್‌ಗೆ. ಸಕಲೇಶಪುರದವಳಾದ ನನಗೆ ಇದು ಹೊಸದಲ್ಲ. ನಮ್ಮ ಬಿಸಿಲೆ ಕಡೆಯ ಏಣಿನಲ್ಲೂ ಒಂದು ಬದಿಗೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬದಿಯದು ಬಂಗಾಳ ಕೊಲ್ಲಿಗೆ. ಮಗಳಿಗೆ ಅದನ್ನು ಹೇಳಿದಾಗ ಅವಳು ಸ್ಮಶಾನದಲ್ಲಿ ತುಂಬಿಸಿದ ಬಾಟಲಿಯನ್ನು ಕುಡಿಯದೆ ಎತ್ತಿಟ್ಟುಕೊಂಡಳು. ಯಾಕೆ ಅಂತ ಆಗ ಹೇಳಲಿಲ್ಲ.

ಸುರಂಗದಿಂದ ಹೊರಗೆ ಬಂದರೆ ಬೆಳಕೇ ಬೇರೆ. ಕೂರ್ನ್ಯು ಹತ್ತಿರ ದೆವೇಜ್ ಗುಹೆ ಇದೆ. ಈ ರೈಲು ದಾರಿಗಾಗಿ ಸುರಂಗ ಕೊರೆಯುವಾಗಲೇ, 1886ರಲ್ಲಿ, ಅದು ಸಿಕ್ಕಿತಂತೆ. ಸ್ಯಾಂ-ಪೋನ್ಸ್ ಊರಿನೊಳಗೆ ಬಂಡೆಯ ಬುಡದಿಂದ ಜೋರ್ ಅನ್ನುವ ಹೊಳೆ ಹುಟ್ಟುತ್ತದೆ. ಅಲ್ಲಿಂದ ಓಲಾರ್ಗ್‌ವರೆಗೆ ಇಳಿಜಾರು. ಚೆಸ್ಟ್‌ನಟ್ ಮರಗಳ ನಡುವೆ ದ್ರಾಕ್ಷಿ ತೋಟ, ಚೆರ್ರಿ ತೋಟ ಕಾಣಿಸಿಕೊಳ್ಳುತ್ತವೆ. ಒಂದು ಕಡೆ ಅರ್ಧ ಕಿಲೋ ಚೆರ್ರಿ ಕೊಂಡು, ಹ್ಯಾಂಡಲ್ ಚೀಲದಲ್ಲಿಟ್ಟು, ಬೀಜ ಉಗುಳುತ್ತಾ ಹೋದೆವು. ಆ ಹೊತ್ತಿನಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮಗಳು ನನ್ನ ಪಕ್ಕದಲ್ಲೇ ತುಳಿಯುತ್ತಿದ್ದಳು, ಶಾಲೆಯಲ್ಲಿ ಒಬ್ಬ ಗೆಳತಿ ಮಾತು ಬಿಟ್ಟಿರುವ ಕಥೆ ಹೇಳುತ್ತಿದ್ದಳು. ಮನೆಯಲ್ಲಿ ಒಂದು ತಿಂಗಳಿಂದ ಕೇಳಿದರೂ ಹೇಳಿರದ ಮಾತು. ನಾನು ಬೆಳಿಗ್ಗೆಯಿಂದ ಒಂದು ಸಲವೂ ಹಿಂದೆ ತಿರುಗಿ ನೋಡಿರಲಿಲ್ಲ.

ದಾರಿ ಅಲ್ಲಲ್ಲಿ ಕಾರಿನ ರಸ್ತೆ ದಾಟುತ್ತದೆ. ಅಲ್ಲಿ ಮಾತ್ರ ಹುಷಾರು, ಮಕ್ಕಳನ್ನು ಇಳಿಸಿ ನಡೆಸಿ. ಕುದುರೆ ಕಂಡರೆ ದೂರದಿಂದಲೇ ಮಾತಾಡುತ್ತಾ ನಿಧಾನ ಮಾಡಿ, ಬೆಲ್ ಹೊಡೆದರೆ ಬೆದರುತ್ತದೆ. ಶರತ್ಕಾಲದಲ್ಲಿ ಕಾಡುಹಂದಿ ಬೇಟೆ ನಡೆಯುತ್ತದೆ, ಆಗ ಕಿತ್ತಳೆ ಬಣ್ಣದ ಜಾಕೆಟ್ ಬೇಕೇ ಬೇಕು. ಜುಲೈ, ಆಗಸ್ಟ್ ತಿಂಗಳಲ್ಲಿ ಕಾಳ್ಗಿಚ್ಚಿನ ಭಯದಿಂದ ಅಕ್ಕಪಕ್ಕದ ಕಾಡುದಾರಿಗಳನ್ನು ಮುಚ್ಚಿರಬಹುದು, ಹೊರಡುವ ದಿನ ನೋಡಿಕೊಂಡೇ ಹೋಗಿ.

ಮರುದಿನ ಓಲಾರ್ಗ್‌ನಿಂದ ಹೊರಟು, ಕಾರೂ ಬೆಟ್ಟವನ್ನು ಎಡಗಡೆ ಇಟ್ಟುಕೊಂಡು ತಾರಸ್ಸಾಕ್ ಮುಟ್ಟಿದೆವು. ಅಲ್ಲಿ ಜೋರ್ ಹೊಳೆ ಓರ್ಬ್ ನದಿಗೆ ಸೇರುತ್ತದೆ. ಮಗಳು ಸೈಕಲ್ ಒರಗಿಸಿ ನೀರಿನ ಹತ್ತಿರ ಇಳಿದಳು. ನಿನ್ನೆಯ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ನಿಧಾನವಾಗಿ ಬಗ್ಗಿಸಿದಳು.

"ಇದು ಆ ಕಡೆ ಸಮುದ್ರಕ್ಕೆ ಹೋಗ್ಬೇಕಿದ್ದ ನೀರಮ್ಮ. ಈ ಕಡೆದನ್ನೂ ನೋಡ್ಲಿ."

ಅಲ್ಲಿಂದ ಮುಂದೆ ದಾರಿ ಓರ್ಬ್ ನದಿಗೆ ಎದುರಾಗಿ ಹೋಗುತ್ತದೆ. ಬೆದಾರ್ಯೂವರೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಎಲ್ಲಾ ಸಣ್ಣ ಏರು. ಇಳಿಜಾರೇ ಇರುತ್ತದೆ ಅಂದುಕೊಂಡು ಬಂದವರಿಗೆ ಇಲ್ಲಿ ಕಾಲು ಸೋಲುತ್ತದೆ. ಆದ್ದರಿಂದ ಎರಡು ಚಪಾತಿ ಇದಕ್ಕೇ ಅಂತ ಉಳಿಸಿಕೊಂಡಿದ್ದೆ. ಕೊಲೊಂಬಿಯೆರ್ ದಾಟಿ ಒಂದು ಮರದ ನೆರಳಿನಲ್ಲಿ ಕೂತು ಅದನ್ನು ಹಂಚಿಕೊಂಡು ತಿಂದೆವು. ಆಮೇಲೆ ಅವಳು ಮುಂದೆ, ನಾನು ಹಿಂದೆ.