ಅಬಿಸೀನಿಯಾ ಪದಕ ಮತ್ತು ಬೆಂಗಳೂರಿನ ಒಬ್ಬ ಸ್ಯಾಪರ್

ಅಬಿಸೀನಿಯಾ, ಅಂದರೆ ಈಗಿನ ಇಥಿಯೋಪಿಯಾದ ಮೇಲೆ 1868ರಲ್ಲಿ ಬ್ರಿಟಿಷರು ನಡೆಸಿದ ಯುದ್ಧದ ಪದಕವನ್ನು ಮೊದಲ ಸಲ ನೋಡಿದವರು ಯಾವುದೋ ಹಳೇ ಸರದ ಡಾಲರ್ ಅಂದುಕೊಳ್ಳುತ್ತಾರೆ. ಅವೆನ್ಯೂ ರಸ್ತೆ ಹತ್ತಿರದ ಗಲ್ಲಿಯೊಂದರ ಬೆಳ್ಳಿ ಅಂಗಡಿಯವರೂ ಹಾಗೇ ಅಂದುಕೊಂಡಿದ್ದರು. ಕಾಲ್ಗೆಜ್ಜೆ, ಕುಂಕುಮದ ಬಟ್ಟಲುಗಳ ಜೊತೆ ಕರಗಿಸಲು ಇಟ್ಟಿದ್ದರು. ಬೆಳ್ಳಿ ರೇಟಿನ ಮೇಲೆ ಒಂದಿಷ್ಟು ಸೇರಿಸಿ ಕೊಟ್ಟು ತಂದೆ.

ಮಾಮೂಲಿ ಪದಕಕ್ಕಿಂತ ಇದು ಚಿಕ್ಕದು, ಸುಮಾರು 32 ಮಿಲಿಮೀಟರ್. ನಡುವೆ ಮುಸುಕು ಹಾಕಿದ ವಿಕ್ಟೋರಿಯಾ ರಾಣಿ. ಸುತ್ತ ಒಂಬತ್ತು ಮೊನೆಯ ನಕ್ಷತ್ರ, ಮೊನೆಗಳ ಸಂದಿಯಲ್ಲಿ ಇಂಗ್ಲಿಷಿನಲ್ಲಿ ಅಬಿಸೀನಿಯಾ ಅನ್ನುವ ಹೆಸರಿನ ಒಂಬತ್ತು ಅಕ್ಷರ. ಮೇಲೆ ಕಿರೀಟ, ಅದಕ್ಕೊಂದು ಉಂಗುರ. ಹಿಂಭಾಗದಲ್ಲಿ ಎಲೆಗಳ ಹಾರ, ಹಾರದೊಳಗೆ ಪದಕ ಪಡೆದವನ ಹೆಸರು. ಬ್ರಿಟಿಷ್ ಸೈನಿಕರ ಹೆಸರನ್ನು ಉಬ್ಬಕ್ಷರದಲ್ಲಿ ಮೂಡಿಸಿದ್ದರು. ಒಬ್ಬೊಬ್ಬನಿಗೂ ಬೇರೆ ಬೇರೆ ಮಾಡಬೇಕು, ಸಿಕ್ಕಾಪಟ್ಟೆ ಖರ್ಚು. ಅವರ ಪಡೆಯಲ್ಲಿದ್ದ ನಮ್ಮವರ ಹೆಸರುಗಳನ್ನು ಬಹುಪಾಲು ಸುಮ್ನೆ ಅಚ್ಚಿನಿಂದ ಒತ್ತಿ ಮುಗಿಸಿದ್ದಾರೆ. ಪದಕ ಕೊಡುವಾಗಲೂ ಭೇದ ಬಿಡಲಿಲ್ಲ ನೋಡಿ.

ಒಟ್ಟು ಸುಮಾರು 14,000 ಪದಕ ಕೊಟ್ಟಿದ್ದಾರೆ. ಅದರಲ್ಲಿ ಮದ್ರಾಸ್ ಸ್ಯಾಪರ್ಸ್ (ಸೈನ್ಯಕ್ಕೆ ದಾರಿ ಮಾಡಿಕೊಡುವ, ಕೋಟೆ ಬಾಗಿಲು ಉಡಾಯಿಸುವ ಎಂಜಿನಿಯರ್ ಪಡೆ) ಹೆಸರಿರುವುದು, ಅದೂ ಬೆಂಗಳೂರಲ್ಲೇ ಕೈಗೆ ಸಿಗುವುದು ಅಪರೂಪ. ಹಾಗಾಗಿ ಮೊದಲು ಅನುಮಾನವೇ ಬಂತು. ಹೆಸರು ಉಜ್ಜಿ ಅಳಿಸಿ ಬೇರೆ ಹೆಸರು ಹೊಡೆದ ಪದಕಗಳು ಬಜಾರಿನಲ್ಲಿ ಓಡಾಡುತ್ತವೆ. ಅಳಿಸಿದ್ದರೆ ಹಾರದೊಳಗಿನ ಜಾಗ ಕೊಂಚ ತಗ್ಗಿರುತ್ತದೆ. ಪದಕವನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಜಾಗ ಸಮವಾಗಿತ್ತು. ಅಕ್ಷರದ ಕುಳಿಗಳಲ್ಲಿ ಹಳೇ ಕಪ್ಪು ಹಾಗೇ ಕೂತಿತ್ತು. ನಂಬಿಕೆ ಬಂದಿದ್ದು ಆ ಕಪ್ಪಿನಿಂದಲೇ. ದಯವಿಟ್ಟು ಹಳೇ ಪದಕಕ್ಕೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ.

ಅದರ ಮೇಲಿದ್ದದ್ದು ಇಷ್ಟೆ: ಒಂದು ನಂಬರು, ಹುದ್ದೆ ಸ್ಯಾಪರ್, ಒಂದೇ ಪದದ ಹೆಸರು, ಕೆ ಕಂಪನಿ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಮರಿಮಕ್ಕಳು ಇಲ್ಲೇ ಹಲಸೂರಲ್ಲೋ ಮರ್ಫಿ ಟೌನಿನಲ್ಲೋ ಇರಬಹುದು. ಮದ್ರಾಸ್ ಅಂತಿದ್ದರೂ ಈ ಪಡೆಯ ಮನೆ 1834ರಿಂದ ಬೆಂಗಳೂರೇ. ಹಲಸೂರು ಕೆರೆ ಹತ್ತಿರದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಗೊತ್ತಲ್ವಾ, ಅದೇ.

ಇಂಥ ಹುಡುಕಾಟಕ್ಕೆ ಇಳಿಯುವವರು ಹೆಸರಿನ ಬೆನ್ನು ಹತ್ತಬೇಡಿ. ಒಂದೇ ಹೆಸರಿನವರು ಬೇಕಾದಷ್ಟು ಜನ. ಗುಮಾಸ್ತ ಕಿವಿಗೆ ಬಿದ್ದಂತೆ ಸ್ಪೆಲಿಂಗ್ ಬರೆದಿರುತ್ತಾನೆ. ನಂಬರು, ಕಂಪನಿ ಹಿಡಿಯಿರಿ. ಸಾಮಾನ್ಯ ಸಿಪಾಯಿಯ ದಿನಚರಿ ಯಾರೂ ಬರೆದಿಡಲಿಲ್ಲ, ಕಂಪನಿಯದ್ದು ಬರೆದಿದ್ದಾರೆ. ಕಂಪನಿ ಎಲ್ಲಿತ್ತೋ ಅವನೂ ಬಹುಶಃ ಅಲ್ಲೇ ಇದ್ದ.

ಕೆ ಕಂಪನಿ ಇದ್ದದ್ದು ಅಬಿಸೀನಿಯಾದ ಬೆಟ್ಟದ ಮೇಲಿನ ಮಗ್ದಲಾ ಕೋಟೆಯ ಬಾಗಿಲಲ್ಲೇ. ಅಲ್ಲಿನ ಚಕ್ರವರ್ತಿ ತೆವೋದ್ರೋಸ್ ತನ್ನ ಪತ್ರಕ್ಕೆ ರಾಣಿಯಿಂದ ಉತ್ತರ ಬರಲಿಲ್ಲ ಎಂದು ಬ್ರಿಟಿಷ್ ಕಾನ್ಸುಲ್ ಸೇರಿ ಹಲವರನ್ನು ಸೆರೆ ಇಟ್ಟಿದ್ದ. ಅವರನ್ನು ಬಿಡಿಸಲು ಜನರಲ್ ನೇಪಿಯರ್ ಸುಮಾರು 13,000 ಸೈನಿಕರನ್ನು, ಭಾರತದಿಂದ 44 ಆನೆಗಳನ್ನು ಹಡಗಿನಲ್ಲಿ ಸಾಗಿಸಿದ. ಕೆಂಪು ಸಮುದ್ರದ ಝೂಲಾದಲ್ಲಿ ಇಳಿದು, ಬೆಟ್ಟಗಳ ನಡುವೆ ಸುಮಾರು 640 ಕಿಲೋಮೀಟರ್ ನಡಿಗೆ. ದಾರಿ ಮಾಡಿಕೊಡುವುದು ಸ್ಯಾಪರ್‌ಗಳ ಕೆಲಸ.

1868ರ ಏಪ್ರಿಲ್ 13ರಂದು ಕೋಟೆಗೆ ಲಗ್ಗೆ. ಬಾಗಿಲು ಉಡಾಯಿಸಬೇಕು ಅನ್ನುವಾಗ ನೋಡಿದರೆ ಸಿಡಿಮದ್ದೇ ಇಲ್ಲ! ತರುವುದನ್ನು ಮರೆತಿದ್ದರು. ಇದ್ದಿದ್ದರೂ ಉಪಯೋಗವಿರಲಿಲ್ಲ, ಬಾಗಿಲ ಹಿಂದೆ ಕಲ್ಲು ಪೇರಿಸಿದ್ದರು. ಕೊನೆಗೆ 33ನೇ ರೆಜಿಮೆಂಟಿನ ಇಬ್ಬರು ಗೋಡೆ ಹತ್ತಿ ಒಳಗೆ ಧುಮುಕಿದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ತೆವೋದ್ರೋಸ್ ಗುಂಡು ಹಾರಿಸಿಕೊಂಡು ಸತ್ತ. ಆ ಪಿಸ್ತೂಲು ಹಿಂದೆ ವಿಕ್ಟೋರಿಯಾ ರಾಣಿಯೇ ಉಡುಗೊರೆ ಕೊಟ್ಟಿದ್ದು. ಮೂರು ದಿನ ಮೊದಲು ಅರೋಗಿಯಲ್ಲಿ ನಡೆದ ಕಾಳಗದಲ್ಲಿ ಅವನ ಕಡೆ ಸುಮಾರು 700 ಜನ ಸತ್ತಿದ್ದರು, ಬ್ರಿಟಿಷ್ ಕಡೆ ಇಬ್ಬರು. ಶೌರ್ಯದ ಪದಕ ಅಂತ ಎದೆ ಉಬ್ಬಿಸಿ ತೋರಿಸಲು ಹೋದಾಗಲೆಲ್ಲ ಈ ಲೆಕ್ಕ ನನಗೆ ಅಡ್ಡ ಬರುತ್ತದೆ.

ಭಾರತೀಯ ಸೈನ್ಯದ ಹಳೇ ಪದಕಗಳ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ (ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಕಚೇರಿ) ದಾಖಲೆಗಳ ಜೊತೆ ಇವೆ. ಮಗ್ದಲಾದಿಂದ 15 ಆನೆ, ಸುಮಾರು 200 ಹೇಸರಗತ್ತೆಗಳ ಮೇಲೆ ಹೇರಿ ತಂದ ಲೂಟಿಯಲ್ಲಿ ಇಥಿಯೋಪಿಯಾದ ನೂರಾರು ಹಸ್ತಪ್ರತಿಗಳಿದ್ದವು. ಅವುಗಳಲ್ಲಿ ಬಹಳಷ್ಟು ಇರುವುದೂ ಅದೇ ಲೈಬ್ರರಿಯಲ್ಲಿ. ಅಲ್ಲಿರುವ ಸ್ನೇಹಿತರೊಬ್ಬರು ಪಟ್ಟಿ ನೋಡಿ ತಿಳಿಸಿದರು. ನಂಬರು, ಹೆಸರು, ಕಂಪನಿ ಮೂರೂ ತಾಳೆಯಾಯಿತು. ಅವನ ಊರು, ತಂದೆ ಹೆಸರು ಅದರಲ್ಲಿಲ್ಲ.

ಹರಾಜಿಗೆ ಹಾಕಿ, ಲಂಡನ್ನಿನಲ್ಲಿ ಒಳ್ಳೆ ದುಡ್ಡು ಬರುತ್ತದೆ ಅನ್ನುವವರಿದ್ದಾರೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ನಾವು ದೇಶದಿಂದಾಚೆ ಕಳಿಸುವಂತಿಲ್ಲ, 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ ನಾನಂತೂ ಕೊಡುತ್ತಿರಲಿಲ್ಲ. ಮದ್ರಾಸ್ ಪ್ರೆಸಿಡೆನ್ಸಿಯ ಹಳೇ ಕಡತಗಳು ಚೆನ್ನೈನ ಎಗ್ಮೋರ್ ಪತ್ರಾಗಾರದಲ್ಲಿವೆ. ಪಿಂಚಣಿ ಕಾಗದಗಳಲ್ಲಿ ಅವನ ಊರು ಸಿಗುತ್ತದಾ ನೋಡಬೇಕು. ಆ ನಂಬರನ್ನು ಬರೆದಿಟ್ಟುಕೊಂಡು ಸದ್ಯ ಅಲ್ಲಿಗೆ ಅರ್ಜಿ ಹಾಕಿದ್ದೇನೆ.