ದೀಪ ಉಸಿರಾಡುತ್ತಿದೆಯೇ? ‘ಪಿ’ ಬಿಟ್ಟು ‘ಐ’ ನೋಡಿ

ಸುತ್ತಲಿನ ಬೆಳಕು ಹೆಚ್ಚಿದರೆ ಎಲ್‌ಇಡಿ ತಾನಾಗಿ ಮಂಕಾಗಬೇಕು, ಕುಗ್ಗಿದರೆ ಬೆಳಗಬೇಕು. ಇಷ್ಟೇ ಆಸೆ. ಇದಕ್ಕೆ ಬಳಸುವುದು ಪಿಐಡಿ: ಬೇಕಾದ ಬೆಳಕಿಗೂ (ಗುರಿ) ಸೆನ್ಸರ್ ಓದಿಗೂ ಇರುವ ಅಂತರವನ್ನು, ಅಂದರೆ ದೋಷವನ್ನು, ನೋಡಿ ದೀಪವನ್ನು ಮತ್ತೆ ಮತ್ತೆ ತಿದ್ದುವ ಲೂಪ್. ‘ಪಿ’ ಈ ಕ್ಷಣದ ದೋಷಕ್ಕೆ, ‘ಐ’ ಕೂಡಿಬಂದ ದೋಷಕ್ಕೆ, ‘ಡಿ’ ದೋಷ ಬದಲಾಗುವ ವೇಗಕ್ಕೆ ಎಷ್ಟು ಸ್ಪಂದಿಸಬೇಕೆಂದು ಹೇಳುವ ಸಂಖ್ಯೆಗಳು. ಪಿಐಡಿ ಲೈಬ್ರರಿ ಹಾಕಿ, ಎಲ್ಲೋ ಸಿಕ್ಕ ಮೂರು ಸಂಖ್ಯೆ ತುಂಬಿದರೆ ದೀಪ ಏರಿಳಿಯುತ್ತಾ ಏದುಸಿರು ಬಿಡತೊಡಗುತ್ತದೆ. ಆಗ ಎಲ್ಲರೂ ಮೊದಲು ಏರಿಸುವುದು ‘ಪಿ’ಯನ್ನೇ. ಏದುಸಿರು ಇನ್ನೂ ಜೋರಾಗುತ್ತದೆ.

ಮೊದಲು ಸೆನ್ಸರ್. ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ) ಅಗ್ಗ, ಆದರೆ ಸೋಮಾರಿ. ಕತ್ತಲಾದಾಗಂತೂ ಅದು ಚೇತರಿಸಿಕೊಳ್ಳುವಷ್ಟರಲ್ಲಿ ಲೂಪ್ ದಾರಿ ತಪ್ಪಿರುತ್ತದೆ. ಬೆಳಕಿಗೆ ಥಟ್ಟನೆ ಸ್ಪಂದಿಸುವ ಫೋಟೊಡಯೋಡ್ ಹಾಕಿ.

ಆಮೇಲೆ ಫಿಲ್ಟರ್. ಪಿಡಬ್ಲ್ಯೂಎಂನಲ್ಲಿ (ವೇಗವಾಗಿ ಹೊತ್ತಿಸಿ ಆರಿಸಿ ಬೆಳಕು ಹೊಂದಿಸುವ ವಿಧಾನ, ಮಟ್ಟ 0ರಿಂದ 255) ದೀಪ ಹೊತ್ತಿ ಆರುತ್ತಲೇ ಇರುತ್ತದೆ (ಆರ್ಡುಯಿನೊ ಉನೊ ಬೋರ್ಡಿನ ಹೆಚ್ಚಿನ ಪಿನ್‌ಗಳಲ್ಲಿ ಸೆಕೆಂಡಿಗೆ ಸುಮಾರು 490 ಸಲ). ಅದನ್ನು ಹಾಗೇ ಓದಿದರೆ ಸಿಗುವುದು ಗದ್ದಲ. ಏರಿಳಿತ ಸಮಮಾಡಲು 10 ಕಿಲೋಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು, ವಿಳಂಬ 0.1 ಸೆಕೆಂಡ್.

ಲೂಪ್ ಸರಿಯಾಗಿ 20 ಮಿಲಿಸೆಕೆಂಡಿಗೊಮ್ಮೆ ಓಡಲಿ.

ಈಗ ಎಲ್ಲರೂ ಎಡವುವ ಜಾಗ. ಎಲ್‌ಇಡಿ ಹೀಟರ್ ಅಲ್ಲ, ಹೇಳಿದ ಕ್ಷಣವೇ ಬೆಳಗುತ್ತದೆ. ಇಲ್ಲಿ ನಿಧಾನ ಅಂದರೆ ನೀವೇ ಹಾಕಿದ ಆ ಫಿಲ್ಟರ್ ಮಾತ್ರ. ಹಾಗಾಗಿ ಊಹೆ ಬೇಡ, ಅಳೆಯಿರಿ. ಲೂಪ್ ಬಿಚ್ಚಿಟ್ಟು (ಪಿಐಡಿ ನಿಲ್ಲಿಸಿ) ಪಿಡಬ್ಲ್ಯೂಎಂ ಅನ್ನು ನೀವೇ 100ರಿಂದ 150ಕ್ಕೆ ಏರಿಸಿ. ಸೆನ್ಸರ್ ಓದು 200 ಅಂಕ ಮೇಲೇರಿತು ಎನ್ನೋಣ, ಗೇನ್ (200 ಭಾಗಿಸು 50) 4. ದೀಪ ಎಷ್ಟು ಹೊತ್ತಿನಲ್ಲಿ ಗುರಿಯ ಹತ್ತಿರ ಬರಬೇಕೆಂದು ನೀವೇ ನಿರ್ಧರಿಸಿ. ನನ್ನ ಆಯ್ಕೆ ಅರ್ಧ ಸೆಕೆಂಡ್. ಅದಕ್ಕಿಂತ ಚುರುಕಾದರೆ ಕಣ್ಣಿಗೆ ಕಿರಿಕಿರಿ. ಒಂದನ್ನು ಗೇನ್ ಮತ್ತು ಈ ಸಮಯದ ಗುಣಲಬ್ಧದಿಂದ ಭಾಗಿಸಿದರೆ ‘ಐ’: 0.5. ಅದನ್ನು ಫಿಲ್ಟರ್ ವಿಳಂಬದಿಂದ ಗುಣಿಸಿದರೆ ‘ಪಿ’: 0.05. ‘ಪಿ’ ಎಷ್ಟು ಚಿಕ್ಕದು ನೋಡಿ! ‘ಡಿ’ ಸೊನ್ನೆ. ಅದನ್ನು ಹಾಕಿದರೆ ಗದ್ದಲ ಹಿಗ್ಗುತ್ತದೆ, ಬೇರೇನೂ ಆಗದು.

ಪ್ರತಿ ಸುತ್ತಿಗೆ ‘ಐ’ ಸೇರಿಸುವುದು ದೋಷದ 0.01 ಪಾಲು ಮಾತ್ರ. ಉಳಿತಾಯವೆಂದು ಕೋಡ್‌ನಲ್ಲಿ ಪೂರ್ಣಾಂಕ ಬಳಸಿದರೆ 100ಕ್ಕಿಂತ ಚಿಕ್ಕ ದೋಷವೆಲ್ಲ ಸೊನ್ನೆಯಾಗಿ, ದೀಪ ಗುರಿಯ ಹತ್ತಿರ ಬಂದು ಅಲ್ಲೇ ಕೂರುತ್ತದೆ. ಫ್ಲೋಟ್ (ದಶಮಾಂಶ ಸಂಖ್ಯೆ) ಬಳಸಿ.

ಎಡವುವ ಜಾಗ ಇನ್ನೊಂದಿದೆ. ಹೊರಗಿನ ಬೆಳಕೇ ಸಾಕಷ್ಟಿದ್ದಾಗ ದೀಪ ಆರಿರುತ್ತದೆ, ಆದರೆ ‘ಐ’ ಕೂಡಿಡುವ ಮೊತ್ತ ಸೊನ್ನೆಗಿಂತ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ. ಮತ್ತೆ ಕತ್ತಲಾದಾಗ ಆ ಸಾಲ ತೀರುವವರೆಗೆ ದೀಪ ಹೊತ್ತುವುದಿಲ್ಲ. ಸೆನ್ಸರ್ ಕೆಟ್ಟಿದೆ ಎಂದು ಬಿಚ್ಚಿ ಬಿಸಾಡಿದವರನ್ನು ಕಂಡಿದ್ದೇನೆ. ‘ಐ’ ಮೊತ್ತವನ್ನು 0–255ರೊಳಗೆ ಕಟ್ಟಿಹಾಕಿದರೆ ಮುಗಿಯಿತು, ಒಂದೇ ಸಾಲಿನ ಕೋಡ್.

ಕಣ್ಣಿಗೆ ಹಿತವಾಗಲೆಂದು ಗಾಮಾ ಪಟ್ಟಿ (ಬೆಳಕಿನ ಮಟ್ಟಗಳನ್ನು ಕಣ್ಣು ಗ್ರಹಿಸುವ ರೀತಿಗೆ ಹೊಂದಿಸುವ ಪಟ್ಟಿ) ಬೇಕಿದ್ದರೆ ಗುರಿಗೆ ಹಚ್ಚಿ. ಔಟ್‌ಪುಟ್‌ಗೆ ಹಚ್ಚಿದರೆ ಗೇನ್ ಬೆಳಕಿನ ಮಟ್ಟಕ್ಕೊಂದರಂತೆ ಬದಲಾಗಿ, ಮೇಲಿನ ಲೆಕ್ಕವೆಲ್ಲ ಹಳ್ಳ ಹಿಡಿಯುತ್ತದೆ.

ಕೊನೆಗೆ ಸೆನ್ಸರ್ ಮೇಲೆ ಟಾರ್ಚ್ ಬಿಟ್ಟು, ಹತ್ತು ಸೆಕೆಂಡ್ ಕಾದು, ಆರಿಸಿ. ದೀಪ ತಡಮಾಡಿ ಹೊತ್ತಿದರೆ ‘ಐ’ಗೆ ಹಾಕಿದ ಕಟ್ಟು ಸಡಿಲವಾಗಿದೆ. ಗುರಿ ದಾಟಿ ಹೋಗಿ ಮರಳಿದರೆ ಅರ್ಧ ಸೆಕೆಂಡನ್ನು ಒಂದು ಮಾಡಿ, ಎರಡೂ ಸಂಖ್ಯೆಗಳನ್ನು ಮತ್ತೆ ಲೆಕ್ಕ ಹಾಕಿ.